ಕಟ್ಟಿದ ಲಿಂಗ ತನ್ನದಾಗೋದು ಯಾವಾಗ?

ಲಿಂಗಾಯತರ ಮನೇಲಿ ಮಗು ಹುಟ್ಟಿದ ಸ್ವಲ್ಪ ದಿನಕ್ಕೇ ಅದಕ್ಕೆ ಲಿಂಗ ಕಟ್ಟೋ ಪದ್ಧತಿ ಇದೆ, ಕೆಲವು ಕಡೆ ಇನ್ನೂ ಮುಂಚೇನೇ, ತಾಯಿ ಎಂಟು ತಿಂಗಳ ಬಸುರಿ ಇರೋವಾಗ್ಲೇ ಹೊಟ್ಟೇಲಿರೋ ಮಗುವಿನ ಹೆಸರಲ್ಲಿ ಲಿಂಗಧಾರಣೆ ಮಾಡಿಸ್ತಾರೆ. ಅಂದ್ರೆ ಆ ಮಗು ಈ ಲೋಕಕ್ಕೆ ಕಣ್ಣು ಬಿಡೋದ್ರೊಳಗೆ ಅದರ ಧರ್ಮ ಯಾವುದು ಅಂತ ತೀರ್ಮಾನ ಆಗಿರತ್ತೆ. ಆಮೇಲೆ ಬೆಳೀತಾ ಬೆಳೀತಾ ಹಣೆಗೆ ವಿಭೂತಿ, ಊಟಕ್ಕೆ ಮುಂಚೆ ಒಂದು ಶರಣು ಶರಣಾರ್ಥಿ, ಶ್ರಾವಣದಲ್ಲಿ ಮಠದ ಪ್ರವಚನ, ಶಾಲೆಯಲ್ಲಿ ಬಸವ ಜಯಂತಿಗೆ ವಚನ ಬಾಯಿಪಾಠ, ಹಿಂಗೆ ನಡ್ಕೊಂಡು ಹೋಗತ್ತೆ. ಆಮೇಲೆ ಒಂದಿನ ಆ ಹುಡುಗನೋ ಹುಡುಗಿಯೋ ಪಿಯುಸಿ ಮುಗಿಸಿ ಹಾಸ್ಟೆಲ್‌ಗೆ ಹೋಗ್ತಾರೆ, ಅಲ್ಲಿ ಬೆಳಿಗ್ಗೆ ಎಬ್ಬಿಸಿ ಲಿಂಗಪೂಜೆ ಮಾಡ್ಕೋ ಅನ್ನೋ ಅವ್ವ ಇರಲ್ಲ, ರೂಮ್‌ಮೇಟ್ ಬೇರೆ ಧರ್ಮದವನು, ಕೊರಳಲ್ಲಿರೋದು ಏನು ಅಂತ ಕೇಳ್ತಾನೆ, ಉತ್ತರ ಹೇಳೋಕೆ ಹೋದ್ರೆ ಎರಡು ವಾಕ್ಯದ ಮೇಲೆ ಮುಂದಕ್ಕೆ ಹೋಗಲ್ಲ. ಆಗ ಮನಸಲ್ಲಿ ಒಂದು ಪ್ರಶ್ನೆ ಏಳತ್ತೆ, ಇದು ನಾನು ನಂಬಿರೋದಾ ಇಲ್ಲಾ ಅಪ್ಪ ಅಮ್ಮ ನಂಬಿರೋದನ್ನ ನಾನು ಹೊತ್ಕೊಂಡು ಓಡಾಡ್ತಿರೋದಾ?

ಈ ಪ್ರಶ್ನೆ ಎಲ್ಲಾ ಧರ್ಮದ ಮನೆಗಳಲ್ಲೂ ಏಳತ್ತೆ, ನಾನು ಲಿಂಗಾಯತರ ಉದಾಹರಣೆ ಇಟ್ಕೊಂಡು ಬರೀತಿರೋದು ಯಾಕಂದ್ರೆ ನನಗೆ ಒಳಗಿಂದ ಗೊತ್ತಿರೋದು ಇದು, ಜೊತೆಗೆ ಈ ಧರ್ಮದಲ್ಲಿ ಈ ಪ್ರಶ್ನೆಗೆ ಒಂದು ವಿಶೇಷವಾದ ತೀವ್ರತೆ ಇದೆ, ಹುಟ್ಟಿನಿಂದ ಬಂದಿದ್ದನ್ನ ಪ್ರಶ್ನೆ ಮಾಡಿದವರಿಂದಲೇ ಹುಟ್ಟಿದ ಧರ್ಮ ಇದು, ಈಗ ಹುಟ್ಟಿನಿಂದ ಬರ್ತಿದೆ.

ಮೊದಲು ಈ ವಯಸ್ಸಲ್ಲೇ ಯಾಕೆ ಅನ್ನೋದನ್ನ ನೋಡೋಣ. ಚಿಕ್ಕ ಮಕ್ಕಳಿಗೆ ಅಪ್ಪ ಹೇಳಿದ್ದೇ ಸತ್ಯ, ಅಜ್ಜಿ ಹೇಳಿದ ಕಥೆ ನಡೆದಿದ್ದೇ. ಸ್ವಿಟ್ಜರ್‌ಲೆಂಡಿನ ಮನಶ್ಶಾಸ್ತ್ರಜ್ಞ ಜೀನ್ ಪಿಯಾಜೆ ಮಕ್ಕಳ ಯೋಚನೆ ಹೆಂಗೆ ಬೆಳೆಯತ್ತೆ ಅಂತ ದಶಕಗಳ ಕಾಲ ನೋಡಿ ಹೇಳಿದ್ದು ಏನಂದ್ರೆ ಸುಮಾರು ಹನ್ನೊಂದು ಹನ್ನೆರಡು ವರ್ಷದಿಂದ ಮಕ್ಕಳಿಗೆ ಕಣ್ಣ ಮುಂದಿಲ್ಲದ ವಿಷಯಗಳನ್ನ, 'ಹಿಂಗಿದ್ರೆ ಏನಾಗ್ತಿತ್ತು' ಅನ್ನೋದನ್ನ, ಒಂದು ಮಾತಿಗೂ ಇನ್ನೊಂದು ಮಾತಿಗೂ ಹೊಂದಾಣಿಕೆ ಇದೆಯಾ ಅನ್ನೋದನ್ನ ಯೋಚಿಸೋ ಶಕ್ತಿ ಬರತ್ತೆ. ಆ ಶಕ್ತಿ ಬಂದ ಮೇಲೆ ಅದು ಗಣಿತದ ಪುಸ್ತಕದ ಹತ್ರ ಮಾತ್ರ ಕೆಲಸ ಮಾಡಿ ದೇವರ ಮನೆ ಹತ್ರ ಸುಮ್ಮನೆ ಇರು ಅಂದ್ರೆ ಇರಲ್ಲ.

ಲಿಂಗಾಯತ ಮನೆಯ ಹುಡುಗರಿಗೆ ಹೊಂದಾಣಿಕೆ ಇಲ್ಲದ ಜಾಗಗಳು ಕಾಣೋಕೆ ಬಹಳ ಕಷ್ಟಪಡಬೇಕಾಗಿಲ್ಲ. ಕಲ್ಲ ನಾಗರ ಕಂಡರೆ ಹಾಲೆರೆಯೋರು ದಿಟದ ನಾಗರ ಕಂಡರೆ ಕೊಲ್ಲು ಅಂತಾರೆ ಅನ್ನೋ ಬಸವಣ್ಣನವರ ವಚನವನ್ನ ಶಾಲೆಯಲ್ಲಿ ಓದಿರ್ತಾರೆ, ಪಂಚಮಿ ಬಂದ್ರೆ ಮನೆಯವರೆಲ್ಲಾ ಸೇರಿ ಕಲ್ಲ ನಾಗರಕ್ಕೆ ಹಾಲೆರೆದು ಬರ್ತಾರೆ. (ಈಗ ಕೆಲವು ಮಠಗಳು, ಸಂಘಟನೆಗಳು ಅವತ್ತು ಆ ಹಾಲನ್ನ ಮಕ್ಕಳಿಗೆ ಕುಡಿಸೋ ಕಾರ್ಯಕ್ರಮ ಮಾಡ್ತಿವೆ, ಒಳ್ಳೇ ಕೆಲಸ ಅದು.) ಹುಡುಗಿಯರಿಗೆ ಇದು ಇನ್ನೂ ಹತ್ತಿರದಿಂದ ತಟ್ಟತ್ತೆ. ಜನನ, ಮರಣ, ಜಾತಿ, ರಜಸ್ಸು, ಎಂಜಲು ಈ ಐದು ಸೂತಕ ಲಿಂಗವಂತರಿಗೆ ಇಲ್ಲ ಅಂತ ಶರಣರು ಸ್ಪಷ್ಟವಾಗಿ ಹೇಳಿದಾರೆ, ತಿಂಗಳ ಮುಟ್ಟಿನ ದಿನದಲ್ಲೂ ಹೆಣ್ಣುಮಗಳು ತನ್ನ ಲಿಂಗ ತಾನೇ ಪೂಜೆ ಮಾಡ್ಕೋಬಹುದು, ಹನ್ನೆರಡನೇ ಶತಮಾನದಲ್ಲಿ ಈ ಮಾತು ಹೇಳೋದು ಅಂದ್ರೆ ಎಂಥಾ ಧೈರ್ಯ ಅಂತ ಯೋಚಿಸಿ. ಆದ್ರೆ ಈಗ್ಲೂ ಎಷ್ಟೋ ಲಿಂಗಾಯತ ಮನೆಗಳಲ್ಲಿ ಆ ಮೂರು ದಿನ ದೇವರ ಜಗಲಿ ಹತ್ರ ಹೋಗಬೇಡ ಅನ್ನೋ ಮಾತು ನಡೀತಾನೇ ಇದೆ. ಇನ್ನು 'ಇವನಾರವ ಇವನಾರವ' ಅನ್ನಿಸದೇ 'ಇವ ನಮ್ಮವ' ಅನ್ನಿಸು ಅಂತ ಹಾಡೋ ಮನೇಲೇ ಮದುವೆ ಮಾತು ಬಂದಾಗ ಪಂಚಮಸಾಲಿನಾ, ಬಣಜಿಗನಾ, ಸಾದರಾ, ನೊಣಬಾ, ಜಂಗಮಾ ಅಂತ ಒಳಪಂಗಡ ನೋಡಿಯೇ ಜಾತಕದ ಮಾತು ಎತ್ತೋದು, ಜಾತಕ ನೋಡೋದೂ ಶರಣರ ಮಾತಿಗೆ ವಿರುದ್ಧಾನೇ.

ಹದಿನೇಳು ಹದಿನೆಂಟರ ಹುಡುಗ ಹುಡುಗಿಯರು ಇದನ್ನೆಲ್ಲಾ ಗಮನಿಸಿ ಮಾತಾಡಿದ್ರೆ ಹಿರಿಯರು 'ಓದಿ ಓದಿ ದೇವರ ಮೇಲೆ ನಂಬಿಕೆ ಹೋಯ್ತು' ಅಂತಾರೆ. ನನಗೆ ಅನ್ನಿಸೋದು ಪೂರ್ತಿ ಬೇರೆ. ವಚನವನ್ನ ಕಿವಿಗೆ ಹಾಕ್ಕೊಳ್ಳದೇ ಇದ್ದವರಿಗೆ ಈ ವಿರೋಧ ಕಾಣೋದೇ ಇಲ್ಲ. ವಚನ ನಿಜ ಅಂತ ತಗೊಂಡವರಿಗೆ ಮಾತ್ರ ಮನೆಯ ನಡೆ ಚುಚ್ಚೋದು. ಆ ಸಿಟ್ಟಿನ ಹಿಂದೆ ನಂಬಿಕೆ ಇದೆ.

ಇದನ್ನ ಅರ್ಥ ಮಾಡ್ಕೊಳ್ಳೋಕೆ ಜೇಮ್ಸ್ ಮಾರ್ಸಿಯಾ ಅನ್ನೋ ಮನಶ್ಶಾಸ್ತ್ರಜ್ಞ 1966ರಲ್ಲಿ ಕಾಲೇಜು ಹುಡುಗರನ್ನ ಮಾತಾಡಿಸಿ ಮಾಡಿದ ಒಂದು ವಿಂಗಡಣೆ ಬಹಳ ಉಪಯೋಗಕ್ಕೆ ಬರತ್ತೆ. ಅವರು ಕೇಳಿದ್ದು ಉದ್ಯೋಗ, ಧರ್ಮ, ರಾಜಕೀಯ ಈ ವಿಷಯಗಳ ಬಗ್ಗೆ, ನೋಡಿದ್ದು ಎರಡೇ ಸಂಗತಿ, ಈ ವ್ಯಕ್ತಿ ತಾನಾಗಿ ವಿಚಾರ ಮಾಡಿ ಹುಡುಕಾಡಿದ್ದಾನಾ, ಮತ್ತೆ ಯಾವುದಾದ್ರೂ ಒಂದಕ್ಕೆ ಗಟ್ಟಿಯಾಗಿ ನಿಂತಿದ್ದಾನಾ. ಈ ಎರಡನ್ನ ಸೇರಿಸಿದ್ರೆ ನಾಲ್ಕು ಥರದ ಜನ ಸಿಗ್ತಾರೆ. ಗಟ್ಟಿಯಾಗಿ ನಿಂತಿರ್ತಾರೆ ಆದ್ರೆ ಹುಡುಕಿಲ್ಲ, ಮನೇಲಿ ಕೊಟ್ಟಿದ್ದನ್ನ ಹಂಗೇ ತಗೊಂಡಿದಾರೆ, ಇವರು ಒಬ್ಬರು. ಹುಡುಕಿದ್ದೂ ಇಲ್ಲ ನಿಂತಿದ್ದೂ ಇಲ್ಲ, ಫಾರಂನಲ್ಲಿ ಲಿಂಗಾಯತ ಅಂತ ಬರೀತಾರೆ ಅಷ್ಟೇ, ಅದರಾಚೆ ಯಾವುದೂ ತಲೆಗೆ ಹೋಗಿಲ್ಲ, ಇವರು ಇನ್ನೊಬ್ಬರು. ಹುಡುಕ್ತಾ ಇರ್ತಾರೆ ಇನ್ನೂ ಎಲ್ಲೂ ನಿಂತಿಲ್ಲ, ಒಂದಿನ ಲಿಂಗ ಕಟ್ಕೊಂಡ್ರೆ ಇನ್ನೊಂದಿನ ತೆಗೆದಿಡ್ತಾರೆ, ಅಲ್ಲಮನ ವಚನ ಓದ್ತಾರೆ ಹಂಗೇ ನಾಸ್ತಿಕರ ವಿಡಿಯೋನೂ ನೋಡ್ತಾರೆ, ಇವರು ಮೂರನೆಯವರು. ಹುಡುಕಿ, ಒದ್ದಾಡಿ, ಆಮೇಲೆ ಒಂದು ಕಡೆ ನಿಂತವರು ನಾಲ್ಕನೆಯವರು.

ಹೊರಗಿಂದ ನೋಡಿದ್ರೆ ಮೊದಲನೆಯವರೂ ನಾಲ್ಕನೆಯವರೂ ಒಂದೇ ಥರ ಕಾಣ್ತಾರೆ, ಇಬ್ಬರ ಹಣೆ ಮೇಲೂ ವಿಭೂತಿ ಇರತ್ತೆ, ಇಬ್ಬರೂ ದಿನಾ ಪೂಜೆ ಮಾಡ್ತಾರೆ, ಅದಕ್ಕೇ ಅಪ್ಪ ಅಮ್ಮಂದಿರಿಗೆ ಮೊದಲನೇ ಥರದ ಮಗ ಸಿಕ್ಕಿಬಿಟ್ರೆ ಸಾಕು ಅನ್ನಿಸಿಬಿಡತ್ತೆ, ಮೂರನೇ ಥರದ ಮಗಳನ್ನ ಕಂಡ್ರೆ ಭಯ ಆಗತ್ತೆ. ಆದ್ರೆ ನಾಲ್ಕಕ್ಕೆ ಹೋಗೋ ದಾರಿ ಇರೋದು ಮೂರರ ಮೂಲಕಾನೇ. ಮನಸಲ್ಲಿಟ್ಕೋಬೇಕಾದ ಇನ್ನೊಂದು ಮಾತು, ಈ ನಾಲ್ಕು ಮೆಟ್ಟಿಲ ಥರ ಒಂದಾದ ಮೇಲೊಂದು ಬರಲೇಬೇಕು ಅಂತೇನಿಲ್ಲ, ಜೀವನ ಪೂರ್ತಿ ಮೊದಲನೇ ಸ್ಥಿತಿಯಲ್ಲೇ ನೆಮ್ಮದಿಯಾಗಿ ಇದ್ದವರನ್ನ ನಾವೆಲ್ಲಾ ನೋಡಿದೀವಿ, ನಮ್ಮ ಅಜ್ಜಿಯರಲ್ಲಿ ಎಷ್ಟೋ ಜನ ಹಂಗೇ ಇದ್ರು, ಅವರ ಭಕ್ತಿ ಸಣ್ಣದು ಅಂತ ಹೇಳೋ ಧೈರ್ಯ ನನಗಿಲ್ಲ. ವ್ಯತ್ಯಾಸ ಏನಂದ್ರೆ ಆ ಅಜ್ಜಿಯ ಸುತ್ತಲಿನ ಊರು ಪೂರ್ತಿ ಅದೇ ನಂಬಿಕೆಯಲ್ಲಿತ್ತು, ಇವತ್ತಿನ ಹುಡುಗಿಯ ಸುತ್ತ ಹಂಗಿಲ್ಲ, ಅವಳಿಗೆ ಪ್ರಶ್ನೆಗಳು ಫೋನ್‌ನಲ್ಲೇ ಬರ್ತವೆ, ತಪ್ಪಿಸಿಕೊಳ್ಳೋಕೆ ಆಗಲ್ಲ.

ಈಗ ನಾನು ಎಲ್ಲಕ್ಕಿಂತ ಮುಖ್ಯ ಅಂದ್ಕೊಂಡಿರೋ ಮಾತಿಗೆ ಬರ್ತೀನಿ. ಮಾರ್ಸಿಯಾ ಹೇಳೋ ಮೂರನೇ ಸ್ಥಿತಿ, ಆ ಒದ್ದಾಟ, ಈ ಧರ್ಮದ ಬುಡದಲ್ಲೇ ಇದೆ. ಬಸವಣ್ಣನವರ ಬಾಲ್ಯದ ಕಥೆ ಎರಡು ರೀತಿ ಸಿಗತ್ತೆ. 1369ರ ಭೀಮಕವಿಯ ಕನ್ನಡ ಬಸವಪುರಾಣದಲ್ಲಿ ಎಂಟು ವರ್ಷದ ಹುಡುಗ ಉಪನಯನವೇ ಬೇಡ ಅಂತಾನೆ, ಅಪ್ಪನ ಜೊತೆ ವಾದ ಮಾಡ್ತಾನೆ, ಮನೆ ಬಿಡ್ತಾನೆ. ನಮಗೆಲ್ಲಾ ಗೊತ್ತಿರೋ ಕಥೆ ಇದು. ಅದಕ್ಕಿಂತ ಮುಂಚಿನ ಹರಿಹರನ ರಗಳೆಯಲ್ಲಿ ಹಂಗಿಲ್ಲ, ಅಲ್ಲಿ ಹುಡುಗನಿಗೆ ಜನಿವಾರ ಆಗತ್ತೆ, ಅದನ್ನ ಹಾಕ್ಕೊಂಡೇ ಬೆಳೀತಾರೆ, ಆಮೇಲೆ ಯೌವನಕ್ಕೆ ಬಂದಾಗ ಶಿವಭಕ್ತಿಗೂ ಈ ಕರ್ಮಕ್ಕೂ ಹೊಂದಲ್ಲ ಅಂತ ತಾವೇ ಕಂಡ್ಕೊಂಡು ಜನಿವಾರ ಕಿತ್ತು ಹಾಕಿ ಕಪ್ಪಡಿ ಸಂಗಮಕ್ಕೆ, ಅಂದ್ರೆ ಈಗಿನ ಕೂಡಲಸಂಗಮಕ್ಕೆ, ನಡೆದುಬಿಡ್ತಾರೆ. ನನಗೆ ಹರಿಹರನ ಬಸವಣ್ಣ ಬಹಳ ಹತ್ತಿರ ಅನ್ನಿಸ್ತಾರೆ, ಯಾಕಂದ್ರೆ ಎಂಟು ವರ್ಷಕ್ಕೇ ಎಲ್ಲಾ ತಿಳಿದವರು ಪವಾಡ ಪುರುಷರು, ಅವರನ್ನ ನಾವು ಕೈ ಮುಗಿದು ದೂರ ಇಡ್ತೀವಿ, ಆದ್ರೆ ಮನೆಯವರು ಕೊಟ್ಟಿದ್ದನ್ನ ವರ್ಷಗಟ್ಟಲೆ ಮೈಮೇಲೆ ಇಟ್ಕೊಂಡು, ಒಳಗೇ ವಿಚಾರ ಮಾಡಿ, ಕೊನೆಗೆ ತೀರ್ಮಾನ ಮಾಡಿದವರ ಕಥೆ ಇವತ್ತಿನ ಹಾಸ್ಟೆಲ್ ಹುಡುಗನ ಕಥೆ ಕೂಡ ಆಗಬಹುದು.

ಉಡುತಡಿಯ ಅಕ್ಕಮಹಾದೇವಿ ಇನ್ನೂ ಚಿಕ್ಕ ವಯಸ್ಸಲ್ಲೇ ಕೌಶಿಕನ ಅರಮನೆ ಬಿಟ್ಟು ಕಲ್ಯಾಣಕ್ಕೆ ಬಂದಾಗ ಅನುಭವ ಮಂಟಪದಲ್ಲಿ ಅಲ್ಲಮಪ್ರಭು ಅವರನ್ನ ಸುಮ್ಮನೆ ಒಳಗೆ ಬಿಟ್ಕೊಳ್ಳಲಿಲ್ಲ ಅಂತ ಶರಣರ ಸಂವಾದಗಳನ್ನ ಕಟ್ಟಿಕೊಡೋ ಶೂನ್ಯಸಂಪಾದನೆ ಅನ್ನೋ ಗ್ರಂಥ ಹೇಳತ್ತೆ, ನಿನ್ನ ಗಂಡ ಯಾರು, ಎಲ್ಲಾ ಬಿಟ್ಟೆ ಅಂತೀಯ ಮತ್ತೆ ಕೂದಲಿಂದ ಮೈ ಯಾಕೆ ಮುಚ್ಕೊಂಡಿದೀಯ ಅಂತ ಕಠಿಣವಾದ ಪ್ರಶ್ನೆ ಕೇಳ್ತಾರೆ, ಅಕ್ಕ ಒಂದೊಂದಕ್ಕೂ ಉತ್ತರ ಕೊಡ್ತಾರೆ, ಅದಾದ ಮೇಲೇನೇ ಶರಣರೆಲ್ಲಾ ಅವರನ್ನ ಕೊಂಡಾಡೋದು. ಸೊನ್ನಲಿಗೆಯ ಸಿದ್ಧರಾಮರಂತೂ ಕೆರೆ ಕಟ್ಟಿಸಿ ಗುಡಿ ಕಟ್ಟಿಸಿ ದೊಡ್ಡ ಶಿವಭಕ್ತರು ಅಂತ ಹೆಸರು ಮಾಡಿದ್ದವರು, ಅಲ್ಲಮರ ಜೊತೆ ಕಲ್ಯಾಣಕ್ಕೆ ಬಂದ ಮೇಲೂ ಹೊರಗಿನ ಲಿಂಗ ನನಗೆ ಯಾಕೆ ಬೇಕು ಅಂತ ವಾದ ಮಾಡಿ, ಆ ವಾದಕ್ಕೆ ಉತ್ತರ ಸಿಕ್ಕ ಮೇಲೆ ಚನ್ನಬಸವಣ್ಣನವರಿಂದ ಇಷ್ಟಲಿಂಗ, ಅಂದ್ರೆ ಮೈಮೇಲೆ ಧರಿಸೋ ಲಿಂಗ, ತಗೊಂಡ್ರು ಅಂತ ಅದೇ ಶೂನ್ಯಸಂಪಾದನೆಯ ಕಥೆ. ಗಮನಿಸಿ, ಇಲ್ಲಿ ಯಾರೂ ಪ್ರಶ್ನೆ ಕೇಳಿದ್ದಕ್ಕೆ ಬೈಸಿಕೊಂಡಿಲ್ಲ. ಕಲ್ಯಾಣದ ಆ ಮೊದಲ ತಲೆಮಾರಲ್ಲಿ ಹುಟ್ಟಿನಿಂದ ಲಿಂಗಾಯತರಾದವರೇ ಕಡಿಮೆ, ಮಾದಾರ, ಸಮಗಾರ, ಅಂಬಿಗ, ಬ್ರಾಹ್ಮಣ, ಯಾವ್ಯಾವುದೋ ಮನೆಗಳಿಂದ ಬಂದು ಆರಿಸಿಕೊಂಡವರು ಅವರು.

ಎರಡನೇ ತಲೆಮಾರಿನಿಂದ ತೊಡಕು ಶುರುವಾಗತ್ತೆ. ಆರಿಸಿಕೊಂಡವರ ಮಕ್ಕಳು ಆರಿಸಿಕೊಂಡಿಲ್ಲ, ಅವರಿಗೆ ಕಟ್ಟಿದಾರೆ. ಇದು ಎಲ್ಲಾ ಸುಧಾರಣೆಯ ಪಂಥಗಳಿಗೂ ಬಂದ ಕಷ್ಟಾನೇ. ಯುರೋಪಿನಲ್ಲಿ 1525ರಲ್ಲಿ ಜೂರಿಕ್‌ನ ಕೆಲವು ಕ್ರೈಸ್ತರು ಹಸುಗೂಸಿಗೆ ಕೊಟ್ಟ ದೀಕ್ಷಾಸ್ನಾನಕ್ಕೆ ಅರ್ಥ ಇಲ್ಲ, ತಿಳಿದು ಒಪ್ಪಿಕೊಂಡವರಿಗೇ ಕೊಡಬೇಕು ಅಂತ ಹಟ ಹಿಡಿದು ದೊಡ್ಡವರಾದ ಮೇಲೆ ಮತ್ತೆ ದೀಕ್ಷಾಸ್ನಾನ ತಗೊಂಡ್ರು, ಅದಕ್ಕಾಗಿ ಎಷ್ಟೋ ಜನ ಪ್ರಾಣನೂ ಕಳ್ಕೊಂಡ್ರು, ಅಮೆರಿಕದ ಆಮಿಶ್ ಜನ ಅದೇ ಪರಂಪರೆಯವರು, ಅವರಲ್ಲಿ ಇವತ್ತಿಗೂ ಹುಡುಗ ಹುಡುಗಿಯರು ಬೆಳೆದು ದೊಡ್ಡವರಾಗಿ ತಾವಾಗಿ ಒಪ್ಪಿಕೊಂಡ ಮೇಲೇನೇ ದೀಕ್ಷಾಸ್ನಾನ. ನಮ್ಮ ಮಂಗಳೂರಿನ ಕ್ಯಾಥೊಲಿಕ್ ಮನೆಗಳಲ್ಲಿ ಹಸುಗೂಸಿಗೇ ದೀಕ್ಷಾಸ್ನಾನ ಆದ್ರೂ ಮಕ್ಕಳು ಬೆಳೆದ ಮೇಲೆ ದೃಢೀಕರಣ ಅಂತ ಇನ್ನೊಂದು ಸಂಸ್ಕಾರ ಇದೆ, ಅದಕ್ಕೆ ಮುಂಚೆ ತಿಂಗಳುಗಟ್ಟಲೆ ಪಾಠ ಇರತ್ತೆ.

ನಮ್ಮಲ್ಲಿ ಆ ಜಾಗದಲ್ಲಿ ಇರಬೇಕಾಗಿದ್ದು ದೀಕ್ಷೆ. ಗುರು ಕೂತು ಲಿಂಗ ಅಂದ್ರೇನು, ಕಾಯಕ ಅಂದ್ರೇನು, ದಾಸೋಹ ಅಂದ್ರೇನು ಅಂತ ತಿಳಿಸಿ, ನಿನಗೆ ಬೇಕಾ ಅಂತ ಕೇಳಿ, ಹೌದು ಅಂದ ಮೇಲೆ ಅಂಗೈಗೆ ಲಿಂಗ ಇಡಬೇಕು. ಎಷ್ಟೋ ಮನೆಗಳಲ್ಲಿ ಈಗ ಅದು ಮದುವೆಗೆ ಮುಂಚೆ ಅವಸರದಲ್ಲಿ ಮುಗಿಸೋ ಶಾಸ್ತ್ರ ಆಗಿದೆ, ಒಂದು ಕಡೆ ಫೋಟೋದವರು ಕಾಯ್ತಿರ್ತಾರೆ, ಇನ್ನೊಂದು ಕಡೆ ಮುಹೂರ್ತ ಮೀರ್ತಿರತ್ತೆ. ಹುಡುಗ ಹುಡುಗಿಯರಿಗೆ ಹದಿನೆಂಟು ಇಪ್ಪತ್ತರ ಹೊತ್ತಿಗೆ ತಾವಾಗಿ ಕೇಳಿ ತಗೊಳ್ಳೋ ದೀಕ್ಷೆ ಇರಬೇಕು, ಬೇಡ ಅಂದವರಿಗೆ ಇನ್ನೂ ಕಾಲಾವಕಾಶ ಇರಬೇಕು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. ಹುಟ್ಟಿದಾಗ ಕಟ್ಟೋ ಲಿಂಗ ಅಪ್ಪ ಅಮ್ಮನ ಹಾರೈಕೆ, ಅದು ಇರ್ಲಿ. ಒಪ್ಪಿಗೆಯನ್ನ ಮಾತ್ರ ಅವರ ಪರವಾಗಿ ಬೇರೆಯವರು ಕೊಡೋಕೆ ಬರಲ್ಲ.

ಇದನ್ನ ಬಸವಣ್ಣನವರೇ ಒಂದು ವಚನದಲ್ಲಿ ಬಹಳ ನೇರವಾಗಿ ಹೇಳಿದಾರೆ, ತಾನುಂಬ ಊಟವನ್ನ ಬೇರೆ ಮತ್ತೊಬ್ಬರ ಕೈಯಲ್ಲಿ ಮಾಡಿಸಬಹುದೇ ಅಂತ ಕೇಳಿ, ತನ್ನ ಲಿಂಗಕ್ಕೆ ಮಾಡೋ ನಿತ್ಯನೇಮವನ್ನೂ ತಾನೇ ಮಾಡಬೇಕು ಅಂತಾರೆ. ಆ ವಚನ ಪೂಜಾರಿಯನ್ನ ಇಟ್ಟು ಪೂಜೆ ಮಾಡಿಸೋರಿಗೆ ಹೇಳಿದ್ದು, ಅದು ಅಪ್ಪ ಅಮ್ಮನ ನಂಬಿಕೆಯ ಮೇಲೆ ತಾನು ಬದುಕ್ತೀನಿ ಅನ್ನೋ ಮಗನಿಗೂ ಅಷ್ಟೇ ಅನ್ವಯ ಆಗತ್ತೆ. ಇಷ್ಟಲಿಂಗದ ಪೂಜೆಯ ರೀತಿಯಲ್ಲೇ ಇದು ಅಡಗಿದೆ. ಗುಡಿ ಬೇಡ, ಪೂಜಾರಿ ಬೇಡ, ಎಡಗೈ ಅಂಗೈಯಲ್ಲಿ ಲಿಂಗ ಇಟ್ಕೊಂಡು, ವಿಭೂತಿ ಹಚ್ಚಿ, ಪತ್ರೆಯೋ ಹೂವೋ ಏರಿಸಿ, ಅದರ ಮೇಲೇ ಕಣ್ಣು ನಿಲ್ಲಿಸಿ ಕೂತ್ಕೋಬೇಕು. ಆ ಹೊತ್ತಲ್ಲಿ ಲಿಂಗದ ಎದುರಿಗೆ ಒಬ್ಬರೇ ಇರೋದು. ಮನೆಯವರೆಲ್ಲಾ ಪಕ್ಕದಲ್ಲಿ ಕೂತು ಪೂಜೆ ಮಾಡಿದ್ರೂ ಒಬ್ಬೊಬ್ಬರ ಅಂಗೈಯಲ್ಲಿ ಅವರವರ ಲಿಂಗ.

ಸುಮಾರು ಹುಡುಗರು ಹೇಳೋದು, 'ಮೊದಲು ನನಗೆ ನಂಬಿಕೆ ಬರಲಿ, ಆಮೇಲೆ ಮಾಡ್ತೀನಿ, ಇಲ್ಲಾಂದ್ರೆ ನಾಟಕ ಆಗತ್ತೆ' ಅಂತ. ಪ್ರಾಮಾಣಿಕವಾದ ಮಾತು ಅದು, ಗೌರವಿಸಬೇಕು. ಆದ್ರೆ ಶರಣರ ಷಟ್‌ಸ್ಥಲದ, ಅಂದ್ರೆ ಸಾಧನೆಯ ಆರು ಹಂತಗಳ, ಲೆಕ್ಕ ನೋಡಿದ್ರೆ ಪೂರ್ತಿ ನಂಬಿಕೆ ಮೊದಲ ದಿನವೇ ಇರಬೇಕು ಅಂತ ಅವರೂ ಅಂದ್ಕೊಂಡಿರಲಿಲ್ಲ. ಭಕ್ತಸ್ಥಲದಲ್ಲಿ ಇರೋದು ಶ್ರದ್ಧೆ ಮಾತ್ರ, ಮಹೇಶಸ್ಥಲಕ್ಕೆ ಬಂದಾಗ ನಿಷ್ಠೆ, ಪ್ರಸಾದಿಗೆ ಅವಧಾನ, ಅಂದ್ರೆ ಎಚ್ಚರ, ಅನುಭವ ಅನ್ನೋದು ನಾಲ್ಕನೇದಾದ ಪ್ರಾಣಲಿಂಗಿ ಸ್ಥಲದಲ್ಲಿ ಬರತ್ತೆ, ಆಮೇಲೆ ಶರಣ, ಐಕ್ಯ. ಸ್ವಂತ ಅನುಭವ ತಡವಾಗಿ ಬರೋದು ಸಹಜ ಅಂತ ಶಾಸ್ತ್ರವೇ ಒಪ್ಪಿಕೊಂಡಿರೋವಾಗ ಹತ್ತೊಂಬತ್ತು ವರ್ಷದವರು ತಮಗೆ ಪೂಜೆಯಲ್ಲಿ ಏನೂ ಆಗ್ತಿಲ್ಲ ಅಂತ ಯಾಕೆ ತಪ್ಪಿತಸ್ಥರ ಥರ ಕೂರಬೇಕು.

ಇನ್ನು ಮನೆಯವರ ಪಾತ್ರ. ಮಾನವಶಾಸ್ತ್ರಜ್ಞ ಜೋಸೆಫ್ ಹೆನ್ರಿಕ್ 2009ರಲ್ಲಿ ಮಂಡಿಸಿದ ಒಂದು ವಾದ ಇದೆ, ಮಕ್ಕಳು ದೊಡ್ಡವರ ಮಾತನ್ನ ಸುಮ್ಮನೆ ನಂಬಲ್ಲ, ಆ ಮಾತಿಗಾಗಿ ದೊಡ್ಡವರು ಏನನ್ನಾದ್ರೂ ಕಳ್ಕೊಳ್ಳೋಕೆ ತಯಾರಿದ್ದಾರಾ ಅಂತ ನೋಡಿ ನಂಬ್ತಾರೆ. ಬಾಯಲ್ಲಿ ದಾಸೋಹ ಅಂದು ಮನೆ ಕೆಲಸದವರಿಗೆ ಬೇರೆ ತಟ್ಟೆ ಇಟ್ರೆ ಮಗು ಕಲಿಯೋದು ತಟ್ಟೆಯಿಂದ. ಆಯ್ದಕ್ಕಿ ಲಕ್ಕಮ್ಮನ ಕಥೆ ಇದೇ, ಗಂಡ ಮಾರಯ್ಯ ಅವತ್ತಿನ ಅಗತ್ಯಕ್ಕಿಂತ ಜಾಸ್ತಿ ಅಕ್ಕಿ ಆಯ್ದು ತಂದಾಗ ಆ ತಾಯಿ ವಾಪಸ್ ಸುರಿದು ಬಾ ಅಂದ್ರು, ಬಡತನದಲ್ಲಿ. ಎಂಟುನೂರು ವರ್ಷ ಆದ್ರೂ ಆ ಅಕ್ಕಿ ನಮಗೆ ನೆನಪಿದೆ. ತುಮಕೂರಿನ ಸಿದ್ಧಗಂಗೆಯಲ್ಲಿ ಓದಿದ ಬೇರೆ ಬೇರೆ ಜಾತಿ ಧರ್ಮದ ಹಳೇ ವಿದ್ಯಾರ್ಥಿಗಳು ಶಿವಕುಮಾರ ಸ್ವಾಮೀಜಿಯವರನ್ನ ನೆನೆಸಿಕೊಳ್ಳೋವಾಗ್ಲೂ ಮೊದಲು ಬರೋದು ಊಟದ, ಅವರ ದುಡಿಮೆಯ ಮಾತೇ, ಉಪದೇಶದ ಮಾತು ಆಮೇಲೆ.

ಇನ್ನೊಂದು ಅಧ್ಯಯನ ಅಮೆರಿಕದ್ದು, ವರ್ನ್ ಬೆಂಗ್‌ಸ್ಟನ್ ಅನ್ನೋ ಸಮಾಜಶಾಸ್ತ್ರಜ್ಞರು ಕ್ಯಾಲಿಫೋರ್ನಿಯಾದ ದಕ್ಷಿಣ ಭಾಗದ ಕುಟುಂಬಗಳನ್ನ 1970ರಿಂದ ಶುರು ಮಾಡಿ ತಲೆಮಾರುಗಳ ಕಾಲ ಹಿಂಬಾಲಿಸಿದ್ರು. ಅಪ್ಪ ಅಮ್ಮನ ಧರ್ಮ ಮಕ್ಕಳಿಗೆ ದಾಟೋದ್ರಲ್ಲಿ ಅವರು ಮಕ್ಕಳ ಜೊತೆ ಎಷ್ಟು ಹತ್ತಿರ ಇದ್ರು ಅನ್ನೋದು ಬಹಳ ದೊಡ್ಡ ಪಾತ್ರ ವಹಿಸತ್ತೆ, ಅದರಲ್ಲೂ ಅಪ್ಪನ ಜೊತೆಗಿನ ಪ್ರೀತಿ ಸಲುಗೆ, ಎಷ್ಟೇ ಧರ್ಮನಿಷ್ಠ ಅಪ್ಪ ಆದ್ರೂ ದೂರ ಇದ್ರೆ, ಬಿಗಿಯಾಗಿದ್ರೆ ಮಕ್ಕಳು ಹಿಂದೆ ಬರೋದು ಕಡಿಮೆ ಅಂತ ಅವರು ಕಂಡ್ಕೊಂಡ್ರು. ಅಲ್ಲಿನ ಕುಟುಂಬ ಬೇರೆ ಇಲ್ಲಿನ ಕುಟುಂಬ ಬೇರೆ, ಹಂಗೇ ತಂದು ಅಂಟಿಸೋಕೆ ಬರಲ್ಲ, ಆದ್ರೂ ನಮ್ಮ ಕಡೆಯ ಅಪ್ಪಂದಿರು ಈ ಮಾತನ್ನ ಒಂದ್ಸಲ ಕೂತು ಯೋಚಿಸಬೇಕು ಅಂತ ನನ್ನ ಆಸೆ, ಯಾಕಂದ್ರೆ ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಅಪ್ಪ ಧರ್ಮದ ಬಗ್ಗೆ ಮಗನ ಜೊತೆ ಮಾತಾಡೋದು ಗದರೋಕೆ ಮಾತ್ರ.

ಒಂದು ಎಚ್ಚರಿಕೆ ಕೂಡ ಹೇಳಬೇಕು. ಗುರುತು ಬೇರೆ, ನಂಬಿಕೆ ಬೇರೆ. 2018ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಲಿಂಗಾಯತಕ್ಕೆ ಪ್ರತ್ಯೇಕ ಧರ್ಮದ ಮಾನ್ಯತೆ ಕೊಡಿ ಅಂತ ಕೇಂದ್ರಕ್ಕೆ ಶಿಫಾರಸು ಮಾಡಿದಾಗ ಎರಡೂ ಕಡೆ ಯುವಕರು ಬಹಳ ಜೋರಾಗಿ ಮಾತಾಡಿದ್ರು, ಕೇಂದ್ರ ಅದನ್ನ ಒಪ್ಪಲಿಲ್ಲ, ವಾದ ಇವತ್ತಿಗೂ ನಿಂತಿಲ್ಲ. ಆ ಪ್ರಶ್ನೆ ಮುಖ್ಯವಾದದ್ದೇ. ಆದ್ರೆ ವೀರಶೈವನಾ ಲಿಂಗಾಯತನಾ ಅಂತ ರಾತ್ರಿಯಿಡೀ ವಾಟ್ಸಾಪ್‌ನಲ್ಲಿ ವಾದ ಮಾಡಿದವರು ಒಂದು ದಿನ ಕೂಡ ಅಂಗೈಯಲ್ಲಿ ಲಿಂಗ ಹಿಡಿದು ಕೂತಿಲ್ಲದೇ ಇರಬಹುದು, ಗುಂಪಿನ ಪರವಾಗಿ ಸಿಟ್ಟು ಬಂತು ಅಂದ ತಕ್ಷಣ ಅದು ಸ್ವಂತ ನಂಬಿಕೆ ಆಗಿಬಿಡಲ್ಲ. ಹುಡುಕಾಟ ತಪ್ಪಿಸಿಕೊಳ್ಳೋಕೆ ಗುರುತು ಬಹಳ ಸುಲಭದ ದಾರಿ, ಅದಕ್ಕೇ ನನಗೆ ಆ ಬಗ್ಗೆ ಚಿಂತೆ.

ಎಲ್ಲಾ ಹುಡುಕಾಟನೂ ಲಿಂಗಕ್ಕೇ ವಾಪಸ್ ಬಂದು ನಿಲ್ಲತ್ತೆ ಅಂತಾನೂ ಹೇಳಲ್ಲ. ಕೆಲವರು ವಿಜಯಪುರದ ಸಿದ್ದೇಶ್ವರ ಸ್ವಾಮೀಜಿಯವರ ಪ್ರವಚನಗಳನ್ನ ಯೂಟ್ಯೂಬ್‌ನಲ್ಲಿ ಕೇಳ್ತಾ ಉಪನಿಷತ್ತು, ಗೀತೆ, ವಚನ ಎಲ್ಲಾ ಸೇರಿದ ಒಂದು ದಾರಿ ಹಿಡೀತಾರೆ. ಕೆಲವರು ಬಸವಣ್ಣನವರ ಸಮಾನತೆಯನ್ನ ತಗೊಂಡು ದೇವರನ್ನ ಬಿಡ್ತಾರೆ. ಕೆಲವರು ಎಲ್ಲಾ ಬಿಡ್ತಾರೆ. ಹಂಗೆ ಬಿಟ್ಟ ಮಗಳನ್ನ ಮನೆಗೆ ಸೇರಿಸಲ್ಲ ಅನ್ನೋ ಅಪ್ಪ ಅಮ್ಮಂದಿರಿಗೆ ನನ್ನದೊಂದು ಕಳಕಳಿಯ ಮಾತು, ಅಕ್ಕಮಹಾದೇವಿಯ ಫೋಟೋ ನಿಮ್ಮ ಪಡಸಾಲೆಯಲ್ಲೇ ಇದೆ, ಅವರೂ ಮನೆ ಬಿಟ್ಟು ಹೋದ ಮಗಳೇ. ಕರೀತಾ ಇರಿ, ಹಬ್ಬಕ್ಕೆ ಹೋಳಿಗೆ ಮಾಡಿ ಕರೀರಿ, ವಾದ ಬೇಡ.

ಹುಡುಕ್ತಾ ಇರೋರಿಗೆ ಎಲ್ಲಿಂದ ಶುರು ಮಾಡೋದು ಅನ್ನೋ ಗೊಂದಲ ಇದ್ರೆ, ಶಾಲೆಯಲ್ಲಿ ಕಲಿತ ಹತ್ತು ವಚನ ಬಿಟ್ಟು ಆಚೆ ಬನ್ನಿ. 1923ರಲ್ಲಿ ಫ.ಗು. ಹಳಕಟ್ಟಿಯವರು ವಚನಶಾಸ್ತ್ರಸಾರ ಅಚ್ಚು ಹಾಕಿಸಿದಾಗಿನಿಂದ ಈಚೆಗೆ ಸಾವಿರಾರು ವಚನ ಬೆಳಕಿಗೆ ಬಂದಿವೆ, ಈಗ ಅವೆಲ್ಲಾ ಆನ್‌ಲೈನ್‌ನಲ್ಲೂ ದುಡ್ಡಿಲ್ಲದೇ ಓದೋಕೆ ಸಿಗ್ತವೆ. ಒಬ್ಬರೇ ಶರಣರನ್ನ ಹಿಡ್ಕೊಳ್ಳಿ, ಸಿಟ್ಟಿದ್ರೆ ಅಂಬಿಗರ ಚೌಡಯ್ಯ, ಗೊಂದಲ ಇದ್ರೆ ಅಲ್ಲಮ, ಮನಸ್ಸು ಭಾರ ಇದ್ರೆ ಅಕ್ಕ. ಒಪ್ಪದೇ ಇರೋ ವಚನದ ಪಕ್ಕ ಯಾಕೆ ಒಪ್ಪಲ್ಲ ಅಂತ ಬರೆದಿಡಿ. ಮಾತಾಡೋಕೆ ಒಬ್ಬರು ಹಿರಿಯರನ್ನ ಹುಡ್ಕೊಳ್ಳಿ, ಅಪ್ಪ ಅಮ್ಮನೇ ಆಗಬೇಕಿಲ್ಲ, ಸೋದರಮಾವನೋ ಕನ್ನಡ ಮೇಷ್ಟ್ರೋ ಮಠದ ಸ್ವಾಮಿಗಳೋ ಯಾರಾದ್ರೂ ಸರಿ, ಪ್ರಶ್ನೆ ಕೇಳಿದ್ರೆ ಸಿಟ್ಟಾಗದವರು. 2019ರ ಆಗಸ್ಟ್‌ನಲ್ಲಿ ಸಾಣೇಹಳ್ಳಿಯ ಪಂಡಿತಾರಾಧ್ಯ ಸ್ವಾಮೀಜಿಯವರು ಮತ್ತೆ ಕಲ್ಯಾಣ ಅಂತ ಊರೂರಿಗೆ ಹೋಗಿ ಕಾಲೇಜು ಹುಡುಗ ಹುಡುಗಿಯರನ್ನ ಎದುರಿಗೆ ಕೂರಿಸಿಕೊಂಡು ಪ್ರಶ್ನೆ ಕೇಳಿಸಿಕೊಂಡು ಉತ್ತರ ಕೊಟ್ರು, ಅಂಥದ್ದು ನಿಮ್ಮೂರಲ್ಲಿ ನಡೆದ್ರೆ ತಪ್ಪಿಸಬೇಡಿ, ಹಿಂದಿನ ಸಾಲಲ್ಲಿ ಕೂತ್ರೂ ಪರವಾಗಿಲ್ಲ, ನಿಮಗೆ ನಿಜವಾಗ್ಲೂ ಕಾಡ್ತಿರೋ ಪ್ರಶ್ನೆಯನ್ನೇ ಕೇಳಿ.